ಒಂದೇ ಸರ್‌ನೇಮ್, ಹಲವು ಜನ: ಹಳೆ ಕಡತ, ಪುಸ್ತಕಗಳಲ್ಲಿ ಯಾರು ಯಾರೆಂದು ಪತ್ತೆ ಮಾಡುವುದು ಹೇಗೆ?

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ರೈಸ್ ಮೆಮೋರಿಯಲ್ ಚರ್ಚ್ ಇದೆ. ಶಾಸನಗಳ ಬಗ್ಗೆ ಸ್ವಲ್ಪ ಓದಿಕೊಂಡವರಿಗೆ ಆ ಬೋರ್ಡು ನೋಡಿದ ಕೂಡಲೇ ಸಾವಿರಾರು ಶಾಸನಗಳನ್ನು ಪ್ರಕಟಿಸಿದ ಬಿ.ಎಲ್. ರೈಸ್ ನೆನಪಾಗುವುದು ಸಹಜ. ಆದರೆ ಆ ಚರ್ಚಿಗೆ ಇಟ್ಟಿರುವುದು ಅವರ ಅಪ್ಪನ ಹೆಸರು. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ.ಪಿ. ರೈಸ್ ಅದೇ ಅಪ್ಪನ ಇನ್ನೊಬ್ಬ ಮಗ. ಒಂದೇ ಮನೆಯ ಮೂವರು, ಮೂವರದ್ದೂ ಕನ್ನಡದ ನಂಟು. ಲೈಬ್ರರಿ ಕ್ಯಾಟಲಾಗಿನಲ್ಲಿ ಮೂವರೂ ‘ರೈಸ್’ ಅಂತಲೇ ಕೂತಿರುತ್ತಾರೆ. ಇಂಥ ಗೋಜಲನ್ನು ಬಿಡಿಸುವುದು ಹೇಗೆ ಅಂತ ಇದೇ ಮನೆತನವನ್ನು ಇಟ್ಟುಕೊಂಡು ನೋಡೋಣ. ನಿಮ್ಮ ಊರಿನ ಪಟೇಲರ ಮನೆ, ಶಾನುಭೋಗರ ಮನೆಗೂ ಇದೇ ದಾರಿ.

ಮೊದಲು ವ್ಯಕ್ತಿಗಳನ್ನು ಬೇರೆ ಮಾಡಿ

ಪುಸ್ತಕ ಹುಡುಕುವ ಮೊದಲೇ ಒಬ್ಬೊಬ್ಬರಿಗೂ ಒಂದೊಂದು ಹಾಳೆ ಮಾಡಿ. ಹುಟ್ಟಿದ್ದು, ಸತ್ತಿದ್ದು, ಇದ್ದ ಊರು, ಮಾಡಿದ ಕೆಲಸ. ಇಷ್ಟು ಸಾಕು.

ಅಪ್ಪ ಬೆಂಜಮಿನ್ ರೈಸ್, 1814ರಿಂದ 1887. ಲಂಡನ್ ಮಿಷನರಿ ಸೊಸೈಟಿಯವರು, 1837ರಲ್ಲಿ ಬೆಂಗಳೂರಿಗೆ ಬಂದವರು ಐವತ್ತು ವರ್ಷ ಇಲ್ಲೇ ಇದ್ದರು. ಮಗ ಬೆಂಜಮಿನ್ ಲೂಯಿಸ್ ರೈಸ್ ಹುಟ್ಟಿದ್ದು ಅದೇ 1837ರಲ್ಲಿ, ಬೆಂಗಳೂರಿನಲ್ಲೇ. ತೀರಿಕೊಂಡಿದ್ದು 1927ರಲ್ಲಿ. ಇವರು ಸರ್ಕಾರಿ ನೌಕರ. ಶಾಲೆಯ ಮುಖ್ಯಸ್ಥರಾಗಿ ಶುರು ಮಾಡಿ, ಮೈಸೂರು ಮತ್ತು ಕೊಡಗಿನ ಶಿಕ್ಷಣ ಇಲಾಖೆಯ ನಿರ್ದೇಶಕರಾಗಿ, ಆಮೇಲೆ ಪುರಾತತ್ವ ಇಲಾಖೆ ನೋಡಿಕೊಂಡು 1906ರಲ್ಲಿ ನಿವೃತ್ತರಾದರು. ಎಡ್ವರ್ಡ್ ಪೀಟರ್ ರೈಸ್ ಅಪ್ಪನ ಹಾಗೆ ಮಿಷನರಿ. ಅವರ ಸಾಹಿತ್ಯ ಚರಿತ್ರೆ ಬಂದದ್ದು 1915ರಲ್ಲಿ, ಎರಡನೇ ಮುದ್ರಣ 1921ರಲ್ಲಿ.

ಈ ಹಾಳೆಗಳು ಕೈಯಲ್ಲಿದ್ದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. 1850ರ ಒಂದು ಪತ್ರದಲ್ಲಿ ಬರೀ ‘ರೈಸ್’ ಎಂದಿದ್ದರೆ ಅದನ್ನು ಬರೆದವರು ಶಾಸನದ ರೈಸ್ ಆಗಿರಲು ಸಾಧ್ಯವೇ ಇಲ್ಲ, ಆಗ ಅವರಿಗೆ ಹದಿಮೂರು ವರ್ಷ!

ಹೆಸರಿನ ಎಲ್ಲ ರೂಪ ಬರೆದುಕೊಳ್ಳಿ

ಒಬ್ಬರೇ ವ್ಯಕ್ತಿ ಒಂದು ಕಡೆ ಬಿ.ಎಲ್. ರೈಸ್, ಇನ್ನೊಂದು ಕಡೆ ಬಿ. ಲೂಯಿಸ್ ರೈಸ್, ಮತ್ತೊಂದು ಕಡೆ ಬರೀ ಲೂಯಿಸ್ ರೈಸ್. ಎಲ್ಲವನ್ನೂ ಹಾಕಿ ಹುಡುಕಬೇಕು. ಇಂಗ್ಲಿಷಿನಲ್ಲಿ ಸುಮ್ನೆ ಸರ್‌ನೇಮ್ ಮತ್ತು ಮೈಸೂರು ಎಂದು ಹಾಕಿದರೆ ಭತ್ತದ ಬೆಳೆಯ ವರದಿಗಳೇ ರಾಶಿ ಬೀಳುತ್ತವೆ, ಹಾಗಾಗಿ ಹುಡುಕಾಟವನ್ನು ‘ಲೇಖಕ’ ಎನ್ನುವ ಕಾಲಂಗೆ ಸೀಮಿತ ಮಾಡಿ. ದೊಡ್ಡ ಗ್ರಂಥಾಲಯಗಳು ಲೇಖಕರ ಹೆಸರಿನ ಜೊತೆ ಹುಟ್ಟಿದ ವರ್ಷವನ್ನೂ ಕೊಡುತ್ತವೆ. ಜಗತ್ತಿನ ಹಲವು ಗ್ರಂಥಾಲಯಗಳ ಹೆಸರು ಪಟ್ಟಿಯನ್ನು ಒಟ್ಟುಗೂಡಿಸುವ ವಿಯಾಫ್ ಎಂಬ ಜಾಲತಾಣ ಈ ಕೆಲಸಕ್ಕೆ ಬಹಳ ಉಪಯೋಗ.

ಕಡತದಲ್ಲಿ ಹೆಸರಲ್ಲ, ಹುದ್ದೆ ಹುಡುಕಿ

ಇದು ಎಲ್ಲಕ್ಕಿಂತ ಮುಖ್ಯ, ಹೊಸಬರು ಜಾಸ್ತಿ ಎಡವುವುದೂ ಇಲ್ಲೇ. ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಿ ‘ರೈಸ್ ಅವರ ಕಡತ ಕೊಡಿ’ ಎಂದರೆ ಕೆಲಸ ಆಗುವುದಿಲ್ಲ. ಸರ್ಕಾರಿ ಕಡತ ಇಲಾಖೆ ಮತ್ತು ವರ್ಷದ ಲೆಕ್ಕದಲ್ಲಿ ಇರುತ್ತದೆ. ಕಡತದ ತಲೆಬರಹದಲ್ಲಿ ಶಿಕ್ಷಣ ನಿರ್ದೇಶಕರು ಎಂದಿರುತ್ತದೆಯೇ ಹೊರತು ಆ ಕುರ್ಚಿಯಲ್ಲಿ ಕೂತವರ ಹೆಸರು ಇರುವುದು ಅಪರೂಪ. ಅವರು ಯಾವ ವರ್ಷ ಯಾವ ಹುದ್ದೆಯಲ್ಲಿದ್ದರು ಎಂದು ಮೊದಲ ಹಾಳೆಯಲ್ಲಿ ಬರೆದುಕೊಂಡಿದ್ದೀರಲ್ವಾ, ಅದು ಈಗ ಕೆಲಸಕ್ಕೆ ಬರುತ್ತದೆ.

ಮಿಷನರಿಗಳ ಕಥೆ ಬೇರೆ. ಅಪ್ಪ ರೈಸ್ ಲಂಡನ್ನಿನ ತಮ್ಮ ಸೊಸೈಟಿಗೆ ಬರೆದ ಪತ್ರಗಳನ್ನು ಬೆಂಗಳೂರಿನಲ್ಲಿ ಹುಡುಕಬಾರದು. ಆ ಸೊಸೈಟಿಯ ದಾಖಲೆಗಳು ಲಂಡನ್ ವಿಶ್ವವಿದ್ಯಾಲಯದ ಸೋಆಸ್ (SOAS) ಗ್ರಂಥಾಲಯದಲ್ಲಿವೆ. ಅಲ್ಲಿ ದಕ್ಷಿಣ ಭಾರತದ ಪತ್ರಗಳಲ್ಲಿ ‘ಕ್ಯಾನರೀಸ್’ (ಕನ್ನಡಕ್ಕೆ ಇಂಗ್ಲಿಷಿನ ಹಳೆ ಹೆಸರು) ಎಂದೇ ಒಂದು ಭಾಗವಿದೆ. ಬ್ರಿಟಿಷರ ಹುಟ್ಟು, ಮದುವೆ, ಸಾವಿನ ದಾಖಲೆ ಬೇಕೆಂದರೆ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳನ್ನು ನೋಡಬೇಕು, ಬೆಂಗಳೂರಿನವರದನ್ನು ಮದ್ರಾಸಿನ ಭಾಗದಲ್ಲಿ ಹುಡುಕಿ. ಅಪ್ಪ ಒಂದು ಕಡೆ, ಮಗ ಇನ್ನೊಂದು ಕಡೆ, ಸರ್‌ನೇಮ್ ಮಾತ್ರ ಒಂದೇ. ದಾಖಲೆ ಎಲ್ಲಿದೆ ಎನ್ನುವುದನ್ನು ತೀರ್ಮಾನಿಸುವುದು ಅವರಿಗೆ ಸಂಬಳ ಕೊಟ್ಟವರು ಯಾರು ಎಂಬುದು.

‘ಮಿಸೆಸ್ ರೈಸ್’ ಯಾರು?

ಬೆಂಜಮಿನ್ ರೈಸ್ ಅವರ ಹೆಂಡತಿ ಜೇನ್, 1840ರ ದಶಕದಲ್ಲೇ ಬೆಂಗಳೂರಿನಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ಕಲಿಸಲು ಮುಂದಾದವರಲ್ಲಿ ಒಬ್ಬರು. ವರದಿಗಳಲ್ಲಿ ಅವರು ಬರೀ ‘ಮಿಸೆಸ್ ರೈಸ್’. ಇಷ್ಟು ದೊಡ್ಡ ಕೆಲಸ ಮಾಡಿದವರ ಸ್ವಂತ ಹೆಸರು ಗಂಡನ ಸರ್‌ನೇಮಿನ ಹಿಂದೆ ಮುಚ್ಚಿಹೋಗುವುದು ನನಗೆ ನಿಜವಾಗಿ ಸಂಕಟದ ವಿಷಯ. ಹೆಂಗಸರಿಗೂ ಕಡ್ಡಾಯವಾಗಿ ಒಂದು ಹಾಳೆ ಮಾಡಿ, ತವರಿನ ಹೆಸರನ್ನು ಮದುವೆ ದಾಖಲೆಯಲ್ಲಿ ಹುಡುಕಿ ಬರೆಯಿರಿ. ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರು ಸೊಸೆಯಾಗಿ ಬಂದಿದ್ದರೆ ಎರಡೆರಡು ‘ಮಿಸೆಸ್’ ಕಾಣುತ್ತಾರೆ, ಅಲ್ಲಿ ವರ್ಷವೇ ಆಧಾರ.

ಒಂದೇ ಪುಸ್ತಕ, ಬೇರೆ ಬೇರೆ ಕೈ

ಎಪಿಗ್ರಾಫಿಯಾ ಕರ್ನಾಟಿಕಾದ 12 ಸಂಪುಟಗಳಲ್ಲಿ 8,869 ಶಾಸನಗಳಿವೆ. ಬಿ.ಎಲ್. ರೈಸ್ ಅವರ ಜೀವಮಾನದ ಕೆಲಸ ಅದು. ಆದರೆ ಎರಡನೇ ಸಂಪುಟವನ್ನು, ಅಂದರೆ ಶ್ರವಣಬೆಳಗೊಳದ್ದನ್ನು ತೆಗೆಯಿರಿ. 1889ರಲ್ಲಿ ರೈಸ್ ತಂದಾಗ ಅದರಲ್ಲಿ ಇದ್ದದ್ದು 144 ಶಾಸನ. ಅವರ ನಂತರ ಇಲಾಖೆಗೆ ಬಂದ ಆರ್. ನರಸಿಂಹಾಚಾರ್ 1923ರಲ್ಲಿ ಪರಿಷ್ಕರಿಸಿದಾಗ ಅದು 500 ಆಯಿತು. ಮೈಸೂರು ವಿಶ್ವವಿದ್ಯಾನಿಲಯ 1973ರಲ್ಲಿ ತಂದ ಮುದ್ರಣದಲ್ಲಿ 573. ಶಾಸನದ ನಂಬರುಗಳೂ ಬದಲಾಗಿವೆ. ಕಪಾಟಿನಲ್ಲಿ ಮೂರಕ್ಕೂ ಒಂದೇ ಹೆಸರು. ಆದ್ದರಿಂದ ಸಂಪುಟದ ಜೊತೆ ಮುದ್ರಣದ ವರ್ಷವನ್ನೂ ಬರೆದುಕೊಳ್ಳಲೇಬೇಕು, ಇಲ್ಲವಾದರೆ ನೀವು ಕೊಟ್ಟ ನಂಬರು ಹಿಡಿದು ಹೋದವರಿಗೆ ಬೇರೆ ಯಾವುದೋ ಶಾಸನ ಸಿಗುತ್ತದೆ.

ನಮ್ಮ ಕಡೆಯ ಹೆಸರುಗಳಿಗೆ ಬಂದರೆ

ಹಳೇ ಮೈಸೂರಿನ ಕಡೆ ಸರ್‌ನೇಮ್ ಎಂಬುದೇ ಬಹಳ ಮನೆಗಳಲ್ಲಿ ಇಲ್ಲ. ಕ್ಯಾಟಲಾಗಿಗೆ ಅದು ಗೊತ್ತಿಲ್ಲ. ಕರ್ನಾಟಕ ಕವಿಚರಿತೆಯ ಆರ್. ನರಸಿಂಹಾಚಾರ್, ವಿದ್ವಾಂಸ ಡಿ.ಎಲ್. ನರಸಿಂಹಾಚಾರ್, ಮೇಲುಕೋಟೆಯ ಕವಿ ಪಿ.ಟಿ. ನರಸಿಂಹಾಚಾರ್, ಎಲ್ಲರೂ ಅಕ್ಕಪಕ್ಕ ಬರುತ್ತಾರೆ. ನೋಡಿದರೆ ಒಂದೇ ಮನೆತನದ ಹಾಗಿದೆ. ಆದರೆ ನರಸಿಂಹಾಚಾರ್ ಎಂಬುದು ಅವರವರಿಗೆ ಇಟ್ಟ ಹೆಸರು, ಮನೆತನದ ಹೆಸರಲ್ಲ. ಕವಿಚರಿತೆಯ ಮೊದಲ ಸಂಪುಟದಲ್ಲಿ ಎಸ್.ಜಿ. ನರಸಿಂಹಾಚಾರ್ ಕೂಡ ಜೊತೆಗಿದ್ದರು, ಹಾಗಾಗಿ ಒಂದೇ ಪುಸ್ತಕದ ಮೇಲೆ ಇಬ್ಬರು ನರಸಿಂಹಾಚಾರ್! ಇಂಥ ಕಡೆ ಇನಿಷಿಯಲ್‌ಗಳೇ ದಾರಿ ತೋರಿಸುತ್ತವೆ. ಒಂದು ಇನಿಷಿಯಲ್ ಕೂಡ ಬಿಡದೆ ಬರೆದುಕೊಳ್ಳಿ.

ಕೊನೆಗೆ ಗೆರೆ ಎಳೆಯಿರಿ

ಈಗ ಎಲ್ಲ ಹಾಳೆಗಳನ್ನು ಮೇಜಿನ ಮೇಲೆ ಹರಡಿ. ಸಂಬಂಧ ಹೇಳುವ ದಾಖಲೆ ಕೈಯಲ್ಲಿದ್ದರೆ ಗಟ್ಟಿ ಗೆರೆ. ಇ.ಪಿ. ರೈಸ್ ಅವರೇ ಅಪ್ಪನ ಜೀವನಚರಿತ್ರೆ ಬರೆದಿದ್ದಾರೆ, ಇಂಥ ಪುಸ್ತಕ ಸಿಕ್ಕರೆ ಬೇರೆ ಸಾಕ್ಷಿ ಬೇಡ. ಊಹೆ ಮಾತ್ರ ಇದ್ದರೆ ಚುಕ್ಕಿ ಗೆರೆ. ಗೆರೆಯ ಪಕ್ಕದಲ್ಲಿ ಕಡತದ ನಂಬರು, ಪುಟ, ನೋಡಿದ ತಾರೀಖು ಬರೆಯಿರಿ.

ಏನೂ ಇಲ್ಲದಿದ್ದರೆ ಗೆರೆಯನ್ನೇ ಎಳೆಯಬೇಡಿ. ಮದ್ರಾಸಿನ ಐಸಿಎಸ್ ಅಧಿಕಾರಿ ಸ್ಟ್ಯಾನ್ಲಿ ರೈಸ್ ಕೂಡ ದಕ್ಷಿಣ ಭಾರತದ ಜನಜೀವನದ ಬಗ್ಗೆ ಬರೆದವರು, ಅವರ ಒಂದು ಪುಸ್ತಕ 1901ರಲ್ಲಿ ಬಂತು. ಸರ್‌ನೇಮ್ ಅದೇ, ಕಾಲವೂ ಹತ್ತಿರ, ವಿಷಯವೂ ಹತ್ತಿರ. ಬೆಂಗಳೂರಿನ ರೈಸ್ ಮನೆಗೆ ಅವರನ್ನು ಸೇರಿಸಲು ಇಷ್ಟು ಸಾಲದು. ಅವರ ಹಾಳೆಯನ್ನು ಬೇರೆಯಾಗಿಯೇ ಇಡಿ.