ಗುಡ್ಡದ ಹಾವಸೆಯಲ್ಲಿ ಸಾರಜನಕದ ಹೊರೆ ಅಳೆಯುವುದು ಹೇಗೆ?

ಮಂಡ್ಯದ ನಾಲೆ ಬಯಲಲ್ಲಿ ಭತ್ತಕ್ಕೂ ಕಬ್ಬಿಗೂ ಎರಚುವ ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿದೆ. ಅದರ ಒಂದು ಪಾಲು ಅಮೋನಿಯವಾಗಿ ಗಾಳಿಗೆ ಸೇರಿ ಅಕ್ಕಪಕ್ಕದ ಗುಡ್ಡಗಾಡಿಗೂ ಇಳಿಯುತ್ತದೆ. ಬಂಡೆಗೆ ಅಂಟಿ ಬೆಳೆಯುವ ಹಾವಸೆಗೆ (ಮಾಸ್) ನಿಜವಾದ ಬೇರಿಲ್ಲ, ಎಲೆ ಸಾಮಾನ್ಯವಾಗಿ ಒಂದೇ ಕೋಶದಷ್ಟು ದಪ್ಪ. ಹಾಗಾಗಿ ಮಳೆ, ಇಬ್ಬನಿ, ದೂಳಿನಲ್ಲಿ ಬಂದದ್ದನ್ನು ಮೈಯಿಂದಲೇ ಹೀರುತ್ತದೆ. ಯುರೋಪಿನ ಹಾವಸೆ ಸಮೀಕ್ಷೆಯಲ್ಲಿ 2005ರಿಂದ ಸಾರಜನಕವನ್ನೂ ಅಳೆಯುತ್ತಿರುವುದು ಇದೇ ಕಾರಣಕ್ಕೆ.

ಮೇಲುಕೋಟೆಯ ಕಡೆಯಾಗಲಿ, ಚಾಮುಂಡಿ ಬೆಟ್ಟವಾಗಲಿ, ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಮಳೆಗಾಲ ಮುಗಿಯುತ್ತಿರುವ ಅಕ್ಟೋಬರ್–ನವೆಂಬರ್ ಸರಿಯಾದ ಹೊತ್ತು. ಗದ್ದೆ ಅಥವಾ ರಸ್ತೆಯ ಅಂಚಿನಲ್ಲಿ ಒಂದು ತಾಣ, ಅಲ್ಲಿಂದ ಸಾಧ್ಯವಾದಷ್ಟು ಒಳಗೆ ಇನ್ನೊಂದು ತಾಣ ಆರಿಸಿ. ಎರಡರಲ್ಲೂ ಒಂದೇ ಜಾತಿಯ ಹಾವಸೆ, ಒಂದೇ ಬಗೆಯ ಬಂಡೆ, ಒಂದೇ ದಿಕ್ಕಿನ ನೆರಳು ಇರಲೇಬೇಕು. ಇಲ್ಲಿ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ. ಕೊಂಬೆಯಿಂದ ನೀರು ತೊಟ್ಟಿಕ್ಕುವ ಜಾಗ ಬೇಡ; ಎಲೆ ಮೇಲಿನ ದೂಳೆಲ್ಲ ತೊಳೆದು ಅಲ್ಲಿಗೇ ಬೀಳುತ್ತದೆ. ಕೋತಿ, ಹಕ್ಕಿ, ದನಗಳ ಹಿಕ್ಕೆ ಬಿದ್ದ ಕಲ್ಲನ್ನೂ ಬಿಡಿ.

ತಂತಿಯಿಂದ 20 ಸೆಂ.ಮೀ. ಚೌಕಟ್ಟು ಮಾಡಿ, 2 ಸೆಂ.ಮೀ.ಗೊಂದು ದಾರ ಕಟ್ಟಿದರೆ 100 ಮನೆ. ಒಣಗಿದ ಹಾವಸೆ ಸತ್ತಂತೆ ಕಾಣುತ್ತದೆ, ಆದ್ದರಿಂದ ಮಳೆನೀರು ಸಿಂಪಡಿಸಿ 20 ನಿಮಿಷ ಕಾದು ಎಣಿಸಿ. ಹಸಿರಾದದ್ದು, ಕಂದಾಗಿಯೇ ಉಳಿದದ್ದು, ಮೇಲೆ ಲೋಳೆಯಂಥ ಹಸಿರು ಪಾಚಿ ಮುಚ್ಚಿದ್ದು, ಹುಲ್ಲು ನುಗ್ಗಿದ್ದು ಎಂದು ಬೇರೆ ಬೇರೆ ಬರೆದುಕೊಳ್ಳಿ. (ನಮ್ಮಲ್ಲಿ ಹಾವಸೆ, ಈ ಲೋಳೆ ಎರಡನ್ನೂ ಪಾಚಿ ಅನ್ನುವುದುಂಟು, ಇಲ್ಲಿ ಬೆರೆಸಬಾರದು.) ಸಾರಜನಕ ಹೆಚ್ಚಾದ ಕಡೆ ಕೊನೆಯ ಮೂರೂ ಹೆಚ್ಚುತ್ತವೆ.

ಮಾದರಿಗೆ ಕೈಗವಸು ಹಾಕಿ, ತಾಣದ 5 ಕಡೆಯಿಂದ ಚಿಟಿಕೆ ಚಿಟಿಕೆ ತುದಿಯ ಹಸಿರು ಭಾಗ ಮಾತ್ರ ತೆಗೆಯಿರಿ. ಪೂರ್ತಿ ಕೆರೆದರೆ ಮತ್ತೆ ಬೆಳೆಯಲು ವರ್ಷಗಳು ಬೇಕು. ಕಾಗದದ ಕವರಿನಲ್ಲಿಡಿ, ಪ್ಲಾಸ್ಟಿಕ್ಕಿನಲ್ಲಿ ಬೂಷ್ಟು ಹಿಡಿಯುತ್ತದೆ. ತೊಳೆಯಬೇಡಿ. ಕಸಕಡ್ಡಿ ಆರಿಸಿ, 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ.

ಪ್ರಯೋಗಾಲಯದ ಕೆಲ್ಡಾಲ್ ವಿಧಾನಕ್ಕೆ ಅರ್ಧ ಗ್ರಾಂ ಒಣಪುಡಿ ಸಾಕು; ಅದರಲ್ಲಿ ಪುಡಿಯ ಸಾರಜನಕವನ್ನು ಅಮೋನಿಯವಾಗಿಸಿ, ಅದಕ್ಕೆ ಎಷ್ಟು ಆಮ್ಲ ಹಿಡಿಯಿತೆಂದು ಅಳೆಯುತ್ತಾರೆ. ಮಾದರಿಗೆ ಹಿಡಿದ ಆಮ್ಲದ ಮಿ.ಲೀ.ನಿಂದ ಖಾಲಿ ಪರೀಕ್ಷೆಯದನ್ನು (ಪುಡಿ ಹಾಕದೆ ಮಾಡಿದ್ದು) ಕಳೆದು, ಆಮ್ಲದ ನಾರ್ಮಾಲಿಟಿಯಿಂದಲೂ (ಸಾಂದ್ರತೆಯ ಅಳತೆ) 1.4ರಿಂದಲೂ ಗುಣಿಸಿ, ಗ್ರಾಂ ತೂಕದಿಂದ ಭಾಗಿಸಿದರೆ ಶೇಕಡಾವಾರು ಸಾರಜನಕ ಸಿಗುತ್ತದೆ. ಯುರೋಪಿನ ಅಂಕಿಗಳಿಗೆ ಹೋಲಿಸಬೇಡಿ, ಅಲ್ಲಿನ ಜಾತಿಗಳೇ ಬೇರೆ. ನಿಮ್ಮ ಎರಡು ತಾಣಗಳ ವ್ಯತ್ಯಾಸವನ್ನಷ್ಟೇ ನೋಡಿ. ಹೊರೆ ವಿಪರೀತವಾದ ಕಡೆ ಹಾವಸೆ ತುಂಬಿಹೋಗಿ ಅಂಕಿ ಮೇಲೇರದೆ ನಿಲ್ಲಬಹುದು. ಅಂಥಲ್ಲಿ ಚೌಕಟ್ಟಿನ ಎಣಿಕೆಯನ್ನೇ ಹೆಚ್ಚು ನಂಬಿ, ಮರುವರ್ಷ ಅದೇ ತಿಂಗಳು ಅದೇ ಕಲ್ಲಿನ ಮೇಲೆ ಮತ್ತೆ ಎಣಿಸಿ.