ಮರ್ಮರ್ ಬಾಯಿಪಾಠ ಬಿಟ್ಟು ಗ್ರಾಫ್ ಹಿಡಿದೆ

ಮರ್ಮರ್ (ರಕ್ತ ಸುಳಿಗೊಂಡು ಹರಿಯುವಾಗ ಹೃದಯದಲ್ಲಿ ಕೇಳುವ ಅಧಿಕ ಸದ್ದು) ಕಲಿಯಲು ಚಿತ್ರ ಎಳೀತಾ ಕೂತರೆ ಮೆಡಿಕಲ್ ಎಕ್ಸಾಮ್‌ಗೆ ಟೈಮ್ ಸಾಲಲ್ಲ ಅಂತ ಬ್ಯಾಚಿನವರೆಲ್ಲ ಹೇಳಿದ್ದರು. ಫೈನಲ್ ಇಯರ್ ಲಾಂಗ್ ಕೇಸ್‌ಗೆ (ಒಬ್ಬ ರೋಗಿಯನ್ನು ಪೂರ್ತಿ ಪರೀಕ್ಷಿಸಿ ವಿವರಿಸುವ ಪ್ರಾಕ್ಟಿಕಲ್) ಎಂಎಸ್ (ಎಡ ಹೃದಯದ ಮೈಟ್ರಲ್ ವಾಲ್ವ್ ಕಿರಿದಾಗುವ ರೋಗ) ಬಂದು, ವೈವಾ ಪೂರ್ತಿ ಒಂದೇ ಗ್ರಾಫ್ ಮೇಲೆ ಮುಗಿಸಿದ ಮೇಲೆ ಅವರೇ ಹಾಳೆ ಕೇಳಿಕೊಂಡು ರೂಮಿಗೆ ಬಂದರು. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ದುಡ್ಡು ಸುರಿದಿದ್ದು. ವಿಡಿಯೋ ಆಪ್ ಒಂದಕ್ಕೆ ಇಪ್ಪತ್ತು ಸಾವಿರದ ಆಸುಪಾಸು ಹೋಯಿತು. ನೋಡುವಾಗ ಎಲ್ಲ ಅರ್ಥವಾಗುತ್ತಿತ್ತು, ವಾರ ಕಳೆದರೆ ಎಎಸ್ (ಅಯೋರ್ಟಿಕ್ ವಾಲ್ವ್ ಕಿರಿದಾಗುವುದು), ಎಂಆರ್ (ಮೈಟ್ರಲ್ ವಾಲ್ವ್ ಸೋರುವುದು) ಮರ್ಮರ್‌ಗಳ ರೇಡಿಯೇಶನ್, ಅಂದರೆ ಸದ್ದು ಹರಡುವ ದಿಕ್ಕು, ಅದಲುಬದಲು. ಫ್ಲ್ಯಾಶ್‌ಕಾರ್ಡ್‌ನ ಜೆರಾಕ್ಸ್, ಲ್ಯಾಮಿನೇಶನ್‌ಗೆ ಎಂಟುನೂರೋ ಒಂಬೈನೂರೋ. ಕಾರ್ಡುಗಳ ಕ್ರಮ ನೆನಪಿತ್ತು, ವಿಷಯ ನಿಲ್ಲಲಿಲ್ಲ. ಎಂಟು ಸಾವಿರದ ಸ್ಟೆತ್ ಕೊಂಡರೂ ಕಿವಿಗೆ ಹೊಸದೇನೂ ಬೀಳಲಿಲ್ಲ. ಕೊನೆಗೆ ಕೈಹಿಡಿದದ್ದು ಮೂವತ್ತು ರೂಪಾಯಿಯ ರಫ್ ಬುಕ್ಕು, ಮೂರು ಬಣ್ಣದ ಪೆನ್ನು.

ರಾತ್ರಿ ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಎಡ ಹೃದಯದ ಪ್ರೆಶರ್ ಗ್ರಾಫ್ ಎಳೆಯುತ್ತಿದ್ದೆ. ಎಲ್‌ವಿ (ಎಡ ಕೆಳಕೋಣೆ) ಕೆಂಪು, ಅಯೋರ್ಟಾ (ಅಲ್ಲಿಂದ ಹೊರಡುವ ದೊಡ್ಡ ರಕ್ತನಾಳ) ಕಪ್ಪು, ಎಲ್‌ಎ (ಎಡ ಮೇಲ್ಕೋಣೆ) ನೀಲಿ. ಗೆರೆಗಳು ಒಂದನ್ನೊಂದು ದಾಟುವ ಕಡೆ ವಾಲ್ವ್ ತೆರೆಯುತ್ತದೆ ಇಲ್ಲವೇ ಮುಚ್ಚುತ್ತದೆ. ಆಮೇಲೆ ಒಂದು ವಾಲ್ವ್ ಕೆಡಿಸಬೇಕು. ಎಂಎಸ್ ಬೇಕಾ, ನೀಲಿ ಗೆರೆಯನ್ನು 8-10ರಿಂದ 25 ಮಿ.ಮೀ. ಪಾದರಸಕ್ಕೆ ಏರಿಸಿ. ಎಸ್-2 (ಹೃದಯದ ಎರಡನೇ ಸದ್ದು) ಆದಮೇಲೆ ಇಳಿಯುವ ಕೆಂಪು ಗೆರೆ ಈಗ ನೀಲಿಯನ್ನು ಬೇಗ ಮುಟ್ಟುತ್ತದೆ, ಮೈಟ್ರಲ್ ಬೇಗ ತೆರೆಯುತ್ತದೆ. ಓಪನಿಂಗ್ ಸ್ನ್ಯಾಪ್ (ಆ ವಾಲ್ವ್ ತೆರೆಯುವಾಗಿನ ಟಕ್ ಸದ್ದು) ಎಸ್-2ಕ್ಕೆ ಹತ್ತಿರವಾದಷ್ಟೂ ಎಂಎಸ್ ತೀವ್ರ ಅನ್ನುವುದು ಕಣ್ಣೆದುರೇ ಕಾಣುತ್ತದೆ. ಎರಡು ಗೆರೆಗಳ ನಡುವಿನ ಜಾಗಕ್ಕೆ ಗೀಟು ತುಂಬಿದರೆ ಮರ್ಮರ್ ಎಷ್ಟುದ್ದ ಅಂತಲೂ ಗೊತ್ತಾಯಿತು. ಏಟ್ರಿಯಂ (ಮೇಲ್ಕೋಣೆ) ಹಿಂಡುವಾಗಿನ ಉಬ್ಬನ್ನು ಅಳಿಸಿದರೆ ಎಎಫ್ (ಮೇಲ್ಕೋಣೆ ಸರಿಯಾಗಿ ಹಿಂಡದೆ ಅಡ್ಡಾದಿಡ್ಡಿ ನಡುಗುವ ಸ್ಥಿತಿ), ಪ್ರೀಸಿಸ್ಟಾಲಿಕ್ ಅಕ್ಸೆಂಚುಯೇಶನ್ (ಮೊದಲ ಸದ್ದಿಗೆ ತುಸು ಮುಂಚೆ ಮರ್ಮರ್ ಜೋರಾಗುವುದು) ಹೋಯಿತು.

ಎಳೆದದ್ದನ್ನು ಕೂಡಲೇ ಬಾಯಲ್ಲಿ ನುಡಿಯಬೇಕು: ಲಬ್ಬ್, ಡಪ್-ಟಕ್, ರ್ರ್ರ್ರ್, ಲಬ್ಬ್. ತಾಳ ಕಲಿತವರಿಗೆ ಇದು ಬೇಗ ಒಲಿಯುತ್ತದೆ. ಬೆಳಿಗ್ಗೆ ಅದೇ ಸದ್ದು ಹುಡುಕಿಕೊಂಡು ವಾರ್ಡಿಗೆ. "ಎಡಕ್ಕೆ ಹೊರಳಿ ಅಮ್ಮ, ಉಸಿರು ಪೂರ್ತಿ ಬಿಟ್ಟು ಹಾಗೇ ಹಿಡ್ಕೊಳ್ಳಿ" ಅಂದು ಏಪೆಕ್ಸ್ (ಹೃದಯದ ತುದಿ ಬಡಿಯುವ ಜಾಗ) ಮೇಲೆ ಸ್ಟೆತ್‌ನ ಬೆಲ್ (ಬಟ್ಟಲಿನಂಥ ಬದಿ) ಹಗುರಾಗಿ ಇಡಿ. ಒತ್ತಿದಿರೋ, ಬಿಗಿಯಾದ ಚರ್ಮವೇ ಡಯಾಫ್ರಂ (ಸ್ಟೆತ್‌ನ ಚಪ್ಪಟೆ ಬದಿಯ ಪೊರೆ) ಆಗಿ ರಂಬಲ್ (ಎಂಎಸ್‌ನ ತಗ್ಗು ದನಿಯ ಗುಡುಗು ಮರ್ಮರ್) ಮಾಯ. ನಮ್ಮ ಬ್ಯಾಚಿನಲ್ಲಿ ಆ ರಂಬಲ್ ಮೊದಲು ಹಿಡಿದವನು ನಾನೇ. ಎಎಸ್, ಎಂಆರ್ ಒಬ್ಬರಲ್ಲೇ ಇದ್ದಾಗ ಬೇರ್ಪಡಿಸಲು ನನ್ನದೊಂದು ಬೆರಳಿನ ಉಪಾಯವಿದೆ. ಅದನ್ನು ಬೆಡ್ ಪಕ್ಕ ನಿಂತೇ ತೋರಿಸುತ್ತೇನೆ, ಇಲ್ಲಿ ಬರೆಯುವುದಿಲ್ಲ.

ಎಚ್‌ಒಸಿಎಂಗೆ (ಹೃದಯದ ಸ್ನಾಯು ದಪ್ಪಗಾಗಿ ರಕ್ತ ಹೊರಹೋಗುವ ದಾರಿ ತಡೆಯುವ ರೋಗ) ಮಾತ್ರ ಈ ಗ್ರಾಫ್ ಸಾಲದು, ಎಲ್‌ವಿಯ ಗಾತ್ರವನ್ನೇ ಬರೆಯಬೇಕು. ಎದ್ದು ನಿಂತರೆ ಎಲ್‌ವಿ ಕಿರಿದಾಗಿ ಮರ್ಮರ್ ಜೋರು, ಕುಕ್ಕರಗಾಲಲ್ಲಿ ಕೂತರೆ ಮೆತ್ತಗೆ. ಎಎಸ್‌ನಲ್ಲಿ ಇದು ತಿರುಗಾಮುರುಗಾ. ಇಸಿಜಿಗೂ ಪೆನ್ನು ಹಚ್ಚಿ ನೋಡಿದೆ, ಹತ್ತಲಿಲ್ಲ. ಅಲ್ಲಿ ಸ್ಟ್ರಿಪ್ ಮೇಲೆ ಸ್ಟ್ರಿಪ್ ಓದುವುದೇ ದಾರಿ. ಎಎಫ್‌ನಲ್ಲಿ 30 ದೊಡ್ಡ ಚೌಕದೊಳಗಿನ ಕ್ಯೂಆರ್‌ಎಸ್ (ಪ್ರತಿ ಬಡಿತದ ಚೂಪು ಗೆರೆ) ಎಣಿಸಿ 10ರಿಂದ ಗುಣಿಸಿ ನಿಮಿಷದ ಬಡಿತ ತಿಳಿಯುವುದು ಹಾಗೆ ಕೈಗೆ ಹತ್ತಿತು.

ಈಗ ಬಲ ಹೃದಯದ ಗ್ರಾಫ್ ಶುರು ಮಾಡಿದ್ದೇನೆ. ಎಡದಲ್ಲಿ 120 ಇದ್ದ ಶಿಖರ ಇಲ್ಲಿ 25ರ ಸುತ್ತ. ಉಸಿರೆಳೆದಾಗ ಟಿಆರ್ (ಬಲ ಹೃದಯದ ಟ್ರೈಕಸ್ಪಿಡ್ ವಾಲ್ವ್ ಸೋರುವುದು) ಮರ್ಮರ್ ಜೋರಾಗುವುದನ್ನು ಗೆರೆಯಲ್ಲಿ ಹಿಡಿಯುವುದು ಮುಂದಿನ ಕೆಲಸ.