ಕ್ಯಾಡ್‌ಗೆ ಮೌಸ್ ಆರಿಸುವಾಗ ನಡುವಿನ ಬಟನ್ ಮೊದಲು ನೋಡಿ

ವರ್ಟಿಕಲ್ ಮೌಸ್‌ನಲ್ಲಿ, ಅಂದರೆ ಕೈ ಕುಲುಕುವ ಹಾಗೆ ಓರೆಯಾಗಿ ಹಿಡಿಯುವ ಮೌಸ್‌ನಲ್ಲಿ, ಕ್ಯಾಡ್ (ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವ) ಕೆಲಸ ಆಗುವುದೇ ಇಲ್ಲ ಅಂತ ಮಂಗಳೂರಿನ ಬೈಕಂಪಾಡಿಯ ನಮ್ಮ ಆಫೀಸಿನಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನು ವರ್ಷಕ್ಕೂ ಜಾಸ್ತಿ ಆಯಿತು, ಬೆಳಿಗ್ಗೆ ಆಟೋಕ್ಯಾಡ್‌ನಲ್ಲಿ ಪೈಪಿಂಗ್ ಡ್ರಾಯಿಂಗ್, ಊಟ ಆದ ಮೇಲೆ ಸಾಲಿಡ್‌ವರ್ಕ್ಸ್‌ನಲ್ಲಿ ತ್ರೀಡಿ ಮಾಡೆಲ್, ದಿನಕ್ಕೆ ಒಂಬತ್ತು ಹತ್ತು ಗಂಟೆ ಅದರಲ್ಲೇ ಮಾಡುತ್ತಿದ್ದೇನೆ. ಮಣಿಕಟ್ಟಿನ ನೋವು ಇಲ್ಲ. ಬೆರಳಿನ ನೋವೂ ಇಲ್ಲ, ನನಗೆ ಅದೇ ದೊಡ್ಡದು.

ಯಾಕೆಂದರೆ ನನಗೆ ಮೊದಲು ನೋಯಲು ಶುರುವಾದದ್ದು ಚಕ್ರ ಒತ್ತುವ ಬೆರಳು. ಮಾಮೂಲಿ ಮೌಸ್‌ನಲ್ಲಿ ಆ ಚಕ್ರವೇ ನಡುವಿನ ಬಟನ್. ಆಟೋಕ್ಯಾಡ್‌ನಲ್ಲಿ ಪ್ಯಾನ್ ಮಾಡಲು, ಅಂದರೆ ಡ್ರಾಯಿಂಗನ್ನು ಅತ್ತಿತ್ತ ಸರಿಸಲು, ಅದನ್ನು ಒತ್ತಿ ಹಿಡಿಯಬೇಕು, ಸಾಲಿಡ್‌ವರ್ಕ್ಸ್‌ನಲ್ಲಿ ಮಾಡೆಲ್ ತಿರುಗಿಸಲೂ ಅದೇ. ಅಂಗಡಿಯವರು ಮಾತ್ರ ಡಿಗ್ರಿ (ಮೌಸ್ ಎಷ್ಟು ಓರೆ), ಡಿಪಿಐ (ಪಾಯಿಂಟರ್ ಎಷ್ಟು ಚುರುಕು) ಬಿಟ್ಟು ಬೇರೆ ಮಾತಾಡುವುದಿಲ್ಲ.

ಮೊದಲು ತಂದದ್ದು ಸಾವಿರದಿನ್ನೂರರ ಒಂದು ವರ್ಟಿಕಲ್. ಹಿಡಿಯಲು ಚಂದ ಇತ್ತು, ಆದರೆ ಚಕ್ರ ಎಷ್ಟು ಬಿಗಿ ಎಂದರೆ ಮೂರು ಗಂಟೆಗೇ ಬೆರಳು ಸೋತು ಹೋಗುತ್ತಿತ್ತು. ಜೂನ್ ಬಂತು, ನಮ್ಮ ಊರಿನ ಶೆಕೆ, ಮಳೆ, ಬೆವರು ಎಲ್ಲ ಸೇರಿ ಅದರ ರಬ್ಬರ್ ಲೇಪನ ಅಂಟಂಟಾಯಿತು. ಆಮೇಲೆ ಮೌಸ್ ಸರಿಸುವ ಬದಲು ಚೆಂಡು ಉರುಳಿಸುವ ಟ್ರ್ಯಾಕ್‌ಬಾಲ್, ಸೆಕೆಂಡ್ ಹ್ಯಾಂಡ್, ನಾಲ್ಕು ಸಾವಿರದ ಹತ್ತಿರ. ತೋಳು ಆಡಿಸುವುದೇ ಬೇಡ, ಡ್ರಾಯಿಂಗ್ ಚೆಕ್ ಮಾಡಲು ತುಂಬಾ ಒಳ್ಳೆಯದು. ಆದರೆ ಬಟನ್ ಒತ್ತಿ ಹಿಡಿದು ಅದೇ ಕೈಯಲ್ಲಿ ಚೆಂಡು ಉರುಳಿಸಿ ಮಾಡೆಲ್ ತಿರುಗಿಸುವುದು ನನ್ನ ಕೈಗೆ ಹೊಂದಲಿಲ್ಲ. ನಡುವೆ ಬಡಗಿಯ ಹತ್ತಿರ ಹಲಸಿನ ಹಲಗೆಯ ಇಳಿಜಾರು ಪೀಠ ಮಾಡಿಸಿ ಮಾಮೂಲಿ ಮೌಸನ್ನೇ ಓರೆ ಇಟ್ಟು ನೋಡಿದೆ. ಕೈ ಬಿಟ್ಟ ಕೂಡಲೇ ಮೌಸ್ ಕೆಳಗೆ ಜಾರುತ್ತಿತ್ತು. ಎಲ್ಲ ಸೇರಿ ಆರೇಳು ಸಾವಿರ ಖರ್ಚು.

ಕೊನೆಗೆ ಕೈ ಅಳೆದೆ, ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿವರೆಗೆ. ಹದಿನೆಂಟು ಸೆಂಟಿಮೀಟರ್ ಆಸುಪಾಸು. ಲಾಜಿಟೆಕ್ ಕಂಪನಿಯ ವರ್ಟಿಕಲ್ ಮೌಸ್‌ಗಳಲ್ಲಿ ಎಂಎಕ್ಸ್ ವರ್ಟಿಕಲ್, ಲಿಫ್ಟ್ ಎರಡೂ 57 ಡಿಗ್ರಿಯವೇ, ಆದರೆ ಲಿಫ್ಟ್ ಮಾಡಿರುವುದು ಸಣ್ಣ, ಮಧ್ಯಮ ಕೈಗೆ. ಅದನ್ನೇ ತೆಗೆದುಕೊಂಡೆ. ನಡುವಿನ ಬಟನ್ನಿನ ಕೆಲಸವನ್ನು ಹೆಬ್ಬೆರಳಿನ ಪಕ್ಕದ ಬಟನ್ನಿಗೆ ಕೊಟ್ಟೆ. ಅಷ್ಟೇ! ಚಕ್ರ ಈಗ ಝೂಮ್‌ಗೆ ಮಾತ್ರ. ಆಟೋಕ್ಯಾಡ್‌ನಲ್ಲಿ ಎಂಬಟನ್‌ಪ್ಯಾನ್ (MBUTTONPAN) ಎಂಬ ಸೆಟ್ಟಿಂಗ್ 1 ಇರಬೇಕು, ಇಲ್ಲದಿದ್ದರೆ ಪ್ಯಾನ್ ಆಗುವುದಿಲ್ಲ. ಚಕ್ರ ತಿರುಗಿಸಿದಾಗ ಎಷ್ಟು ಝೂಮ್ ಆಗಬೇಕು ಎನ್ನುವ ಝೂಮ್‌ಫ್ಯಾಕ್ಟರ್ (ZOOMFACTOR) ಮೊದಲೇ 60 ಇರುತ್ತದೆ, ನಾನು ಎಂಬತ್ತರ ಮೇಲೆ ಇಟ್ಟಿದ್ದೇನೆ, ಚಕ್ರ ತಿರುಗಿಸುವುದೂ ಕಡಿಮೆಯಾಯಿತು.

"ಎಂತ ಮಾರಾಯ, ಕ್ಲಿಕ್ ಮಾಡುವಾಗ ಪಕ್ಕಕ್ಕೆ ಜಾರುದಿಲ್ವಾ?" ಅಂತ ಹಿರಿಯ ಡ್ರಾಫ್ಟ್ಸ್‌ಮನ್ ಒಬ್ಬರು ಕೇಳಿದರು. ಸ್ವಲ್ಪ ಜಾರುತ್ತದೆ, ನಿಜ, ವರ್ಟಿಕಲ್‌ನಲ್ಲಿ ಒತ್ತುವುದೇ ಪಕ್ಕಕ್ಕೆ ಅಲ್ವಾ. ಆದರೆ ಆಟೋಕ್ಯಾಡ್‌ನಲ್ಲಿ ಹತ್ತಿರದ ಬಿಂದುವಿಗೆ ತಾನಾಗಿ ಹಿಡಿದುಕೊಳ್ಳುವ ಆಬ್ಜೆಕ್ಟ್ ಸ್ನ್ಯಾಪ್ ಆನ್ ಇದ್ದರೆ ಲೈನ್ ಹೋಗಿ ಎಂಡ್‌ಪಾಯಿಂಟಿಗೇ ಕೂರುತ್ತದೆ. ಸಾಲಿಡ್‌ವರ್ಕ್ಸ್‌ನಲ್ಲಿ ಸ್ಪ್ಲೈನ್ (ಬಳುಕುವ ಗೆರೆ) ಎಳೆಯುವಾಗ ಮಾತ್ರ ಕಿರಿಕಿರಿ, ಅದಕ್ಕೆ ಪಾಯಿಂಟರ್ ವೇಗ ಕಡಿಮೆ ಮಾಡಿ. ಮೊದಲ ಎರಡು ವಾರ ಕೆಲಸ ನಿಧಾನವಾಗುತ್ತದೆ, ಆದ್ದರಿಂದ ಡೆಡ್‌ಲೈನ್ ಹತ್ತಿರ ಇದ್ದಾಗ ಬದಲಾಯಿಸಬೇಡಿ. ನಂಬರ್ ಪ್ಯಾಡ್ ಇಲ್ಲದ ಕೀಬೋರ್ಡ್ ತಂದರೆ ಮೌಸ್ ಮೈಗೆ ಹತ್ತಿರ ಬರುತ್ತದೆ, ಭುಜಕ್ಕೆ ತುಂಬಾ ಸುಖ. ಉಳಿದ ಬಟನ್‌ಗಳಿಗೆ ನಾನು ಏನು ಹಾಕಿದ್ದೇನೆ ಅಂತ ಮಾತ್ರ ಹೇಳುವುದಿಲ್ಲ, ನನ್ನ ಸ್ಪೀಡ್ ಇರುವುದೇ ಅಲ್ಲಿ.

ಕೈ ದೊಡ್ಡದಿದ್ದು ವರ್ಟಿಕಲ್ ಬೇಡ ಎನ್ನುವವರು ತ್ರೀಡಿಕನೆಕ್ಷನ್ ಕಂಪನಿಯ ಕ್ಯಾಡ್‌ಮೌಸ್ ನೋಡಬಹುದು, ಅದರಲ್ಲಿ ಚಕ್ರ ಬೇರೆ, ನಡುವಿನ ಬಟನ್ ಬೇರೆ. ರೇಟು ಜಾಸ್ತಿ. ಆ ಹಿರಿಯರು ಕಳೆದ ತಿಂಗಳು ಲಿಫ್ಟ್ ತರಿಸಿದ್ದಾರೆ. ಬಟನ್ ಸೆಟ್ಟಿಂಗ್ ಮಾಡಿಕೊಟ್ಟದ್ದು ನಾನೇ.